ಹದಿನಾಲ್ಕನೆಯ ಅಧ್ಯಾಯದ ಸೈನಿಕ

ಆ ಕಾದಂಬರಿಯ ಮೊದಲ ಓದುಗ ನಾನೇ. ಬರೆದವನು ನನ್ನ ಗೆಳೆಯ. ಖಾನಾಪುರದ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತವರು. ಅವನು ಮುಂದೆ ಓದಿ ಬೆಳಗಾವಿಯ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸತೊಡಗಿದ. ನಾನು ಸೈನ್ಯಕ್ಕೆ ಹೋದೆ. ಹವಾಲ್ದಾರನಾಗಿ ನಿವೃತ್ತಿ ಪಡೆದು ಬಂದ ಮೇಲೆ ಮಾಜಿ ಸೈನಿಕರ ಕೋಟಾದಲ್ಲಿ ಬ್ಯಾಂಕಿನ ಗುಮಾಸ್ತಿಕೆ ಸಿಕ್ಕಿತು. ಟಿಳಕವಾಡಿಯಲ್ಲಿ ಮನೆ ಹಿಡಿದಾಗ ಅವನ ಮನೆ ಎರಡು ಓಣಿ ಆಚೆಗೆ ಇತ್ತು. ದಿನಾ ಮುಂಜಾನೆ ವ್ಯಾಕ್ಸಿನ್ ಡಿಪೋ ಬಯಲಿನಲ್ಲಿ ಒಟ್ಟಿಗೆ ತಿರುಗಾಡುವುದು ರೂಢಿಯಾಯಿತು.

ಅವನಿಗೆ ಒಂದು ಹುಚ್ಚು ಹಿಡಿದಿತ್ತು. ದೂರದ ಗ್ರಹವೊಂದರ ಹಿಮ ಕವಿದ ಚಂದ್ರನ ಮೇಲೆ ಯುದ್ಧ, ಅಲ್ಲಿ ಕಾಳಗಕ್ಕೆ ನಿಂತ ನಮ್ಮ ಕಡೆಯ ಹುಡುಗರು. ಮೂರು ಭಾಗಗಳ ಕಾದಂಬರಿ, ಕನ್ನಡದಲ್ಲಿ. ವಿಜ್ಞಾನ ಅವನಿಗೆ ಗೊತ್ತಿತ್ತು, ಸೈನ್ಯ ಗೊತ್ತಿರಲಿಲ್ಲ. ಬರೆದ ಹಾಳೆಗಳನ್ನು ನನಗೆ ಕೊಡುತ್ತಿದ್ದ. ಪಹರೆಯ ಹೊತ್ತಿನಲ್ಲಿ ಯಾರೂ ಹೀಗೆ ತತ್ವ ಮಾತಾಡುವುದಿಲ್ಲ, ಚಹಾ ಯಾವಾಗ ಬರುತ್ತದೆ ಎಂದು ಕಾಯುತ್ತಾರೆ ಎಂದು ನಾನು ಹೇಳುತ್ತಿದ್ದೆ. ಅವನು ನಕ್ಕು ತಿದ್ದಿಕೊಳ್ಳುತ್ತಿದ್ದ. ನನಗೂ ಖುಷಿಯಿತ್ತು. ಸೈನ್ಯದಿಂದ ಬಂದ ಮೇಲೆ ನನ್ನ ಹಳೆಯ ಬದುಕಿನ ಬಗ್ಗೆ ಇಷ್ಟು ಆಸೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ.

ಒಂದು ದಿನ ತಿರುಗಾಡುತ್ತ, ಅಲ್ಲಿ ನೀನು ಕಂಡ ಅತಿ ಕಠಿಣ ಹೊತ್ತು ಯಾವುದು ಎಂದು ಕೇಳಿದ. ಹೆಂಡತಿಗೂ ಹೇಳದಿದ್ದದ್ದನ್ನು ನಾನು ಅವನಿಗೆ ಹೇಳಿದೆ.

ಹಿಮದ ಠಾಣೆಯೊಂದರಲ್ಲಿ ನನ್ನ ಜೊತೆಗಾರನಾಗಿದ್ದವನು ನಮ್ಮ ಖಾನಾಪುರದ ಕಡೆಯ, ಗಡಿಯ ಕಾಡಿನಲ್ಲಿ ನದಿ ಹುಟ್ಟುವ ಕಣಕುಂಬಿಯವ. ಎತ್ತರದ ಗಾಳಿಗೆ ಅವನ ಎದೆಯಲ್ಲಿ ನೀರು ತುಂಬಿತು. ಹೆಲಿಕಾಪ್ಟರ್ ಬರುವ ಮೊದಲೇ ಬಿರುಗಾಳಿ ಎದ್ದಿತು. ಅವನು ನಿದ್ದೆ ಹೋದವನಂತೆ ಹೋಗಿಬಿಟ್ಟ. ಒಂದು ಮಾತೂ ಆಡಲಿಲ್ಲ. ಗಾಳಿ ನಿಲ್ಲುವ ತನಕ ಆ ಡೇರೆಯಲ್ಲಿ ಅವನೂ ನಾನೂ ಇಬ್ಬರೇ. ನಾನು ಅವನ ಜೊತೆ ಮಾತಾಡತೊಡಗಿದೆ. ಖಾನಾಪುರದ ಬಸ್ ಸ್ಟ್ಯಾಂಡಿನಿಂದ ಹೊರಟು ಜಾಂಬೋಟಿ, ಅಲ್ಲಿ ಬಸ್ಸು ನಿಲ್ಲುವ ಚಹಾದಂಗಡಿ, ಕಾಡಿನ ತಿರುವುಗಳು, ಕೊನೆಗೆ ಅವನ ಮನೆಯ ಅಂಗಳ, ಅವನ ಅವ್ವ. ಮನೆ ಮುಟ್ಟಿದ ಕೂಡಲೇ ಮತ್ತೆ ಖಾನಾಪುರದಿಂದ ಶುರು. ಕಣ್ಣಲ್ಲಿ ನೀರು ಮಾತ್ರ ಬರಲಿಲ್ಲ. ಯಾಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಗೆಳೆಯ ನನ್ನ ಹೆಗಲ ಮೇಲೆ ಕೈ ಇಟ್ಟು, "ಇದು ನನ್ನ ಹತ್ತಿರನ ಇರ್ತೈತಿ, ನೀ ಚಿಂತಿ ಮಾಡಬ್ಯಾಡ" ಅಂದ.

ಮೊದಲ ಭಾಗ ಅಚ್ಚಾಗಿ ಬಂತು. ಕೈಬರಹ ಪೂರ್ತಿ ಓದಿದ್ದವನು ನಾನು, ಹೀಗಾಗಿ ಮತ್ತೆ ಓದಲಿಲ್ಲ. ಅವನು ಸಹಿ ಹಾಕಿ ಕೊಟ್ಟ ಪ್ರತಿಯನ್ನು ಬಂದವರಿಗೆ ಕಾಣುವಂತೆ ಕಪಾಟಿನಲ್ಲಿ ಇಟ್ಟೆ.

ಒಂದು ರವಿವಾರ ಟಿಳಕವಾಡಿಯ ಸಣ್ಣ ಸಭಾಂಗಣದಲ್ಲಿ ಓದುಗರ ಚರ್ಚೆ ಇಟ್ಟಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಎರಡನೆಯ ಸಾಲಿನಲ್ಲಿ ಕೂತೆ. ನಿವೃತ್ತ ಎಂಜಿನಿಯರರೊಬ್ಬರು ಎದ್ದು, ಅಷ್ಟು ಕಡಿಮೆ ಗುರುತ್ವದಲ್ಲಿ ಗುಂಡು ಹಾರಿಸಿದವನು ಹಿಂದಕ್ಕೆ ಉರುಳಬೇಕಿತ್ತಲ್ಲ ಎಂದು ತಕರಾರು ತೆಗೆದರು. ಒಬ್ಬ ವಿದ್ಯಾರ್ಥಿಗೆ ಹುದ್ದೆಗಳ ಹೆಸರು ಅತಿಯಾಗಿತ್ತು, ಯಾರು ಯಾರಿಗೆ ಸೆಲ್ಯೂಟ್ ಹೊಡೀತಾರೆ ಎಂದು ನೆನಪಿಡುವುದರಲ್ಲೇ ಕತೆ ಹೋಯಿತಂತೆ. ಒಬ್ಬ ಹೆಂಗಸು, ಇನ್ನೂರು ವರ್ಷ ಮುಂದಿನ ಕತೆಯಲ್ಲೂ ಹೆಣ್ಣುಮಕ್ಕಳು ಬರೀ ಆಸ್ಪತ್ರೆಯಲ್ಲೇ ಯಾಕಿದ್ದಾರೆ ಎಂದು ಕೇಳಿದರು. ನಾನು ಒಳಗೊಳಗೇ ನಗುತ್ತಿದ್ದೆ. ಈ ಮಾತು ನಾನೂ ಅವನಿಗೆ ಹೇಳಿದ್ದೆ.

ಆಮೇಲೆ ಎದ್ದವರೆಲ್ಲ ಹದಿನಾಲ್ಕನೆಯ ಅಧ್ಯಾಯದ ಮಾತು ಎತ್ತಿದರು. ನಾನು ಓದಿದ ಕೈಬರಹದಲ್ಲಿ ಅಂಥ ಅಧ್ಯಾಯ ಇರಲಿಲ್ಲ. ಒಬ್ಬ ಹುಡುಗಿ ಅದರ ಒಂದು ಪುಟವನ್ನು ಗಟ್ಟಿಯಾಗಿ ಓದಿದಳು. ಹಿಮದ ಗವಿಯಲ್ಲಿ ಸೈನಿಕನೊಬ್ಬ ಸತ್ತ ಜೊತೆಗಾರನ ಪಕ್ಕ ಕೂತಿದ್ದಾನೆ. ಭೂಮಿಗೆ ಹೋಗುವ ದಾರಿಯ ನಿಲ್ದಾಣಗಳನ್ನು ಒಂದೊಂದಾಗಿ ಹೇಳುತ್ತಾನೆ. ಸತ್ತವನ ಮನೆಯ ಅಂಗಳ ಮುಟ್ಟಿದ ಕೂಡಲೇ ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.

ಬಯಲಿನಲ್ಲಿ ನಾನು ಅವನಿಗೆ ಹೇಳಿದ್ದೇ ಅದು.

ಒಬ್ಬರು ಇದು ನಂಬುವ ಹಾಗಿಲ್ಲ, ಖರೇ ಸೈನಿಕನಾಗಿದ್ದರೆ ರೇಡಿಯೋ ರಿಪೇರಿ ಮಾಡುತ್ತಿದ್ದ ಅಂದರು. ಹಿಂದಿನ ಸಾಲಿನಲ್ಲಿ ಯಾರೋ ಬಸ್ ಕಂಡಕ್ಟರ್‌ನ ದನಿ ಮಾಡಿ ನಗಿಸಿದರು. ಅಷ್ಟರಲ್ಲಿ ಕನ್ನಡಕದ ಯುವಕನೊಬ್ಬ ಎದ್ದು ನಿಂತ. ಜೀವದ ಗೆಳೆಯ ಸತ್ತರೂ ಈ ಸೈನಿಕ ಒಂದು ಹನಿ ಕಣ್ಣೀರು ಹಾಕುವುದಿಲ್ಲ, ಹೇಳಿದ್ದನ್ನೇ ಹೇಳುತ್ತಾನೆ, ಅಂದಮೇಲೆ ಇವನು ಮನುಷ್ಯನಲ್ಲ, ವೈರಿಗಳು ಪಡೆಯೊಳಗೆ ಸೇರಿಸಿದ ಯಂತ್ರ, ಇದೇ ಲೇಖಕರ ಗುಟ್ಟು ಅಂದ. ಸಭೆಗೆ ಜೀವ ಬಂತು. ಹೌದು, ಹೌದು ಎಂದು ಪುಟ ತಿರುವತೊಡಗಿದರು. ಎಲ್ಲರೂ ವೇದಿಕೆಯ ಕಡೆ ನೋಡಿದರು. ನನ್ನ ಗೆಳೆಯ ಗಲ್ಲದ ಮೇಲೆ ಕೈಯಿಟ್ಟು ಮುಗುಳ್ನಕ್ಕು, "ಎರಡನೇ ಭಾಗ ಬರ್ಲಿ, ಗೊತ್ತಾಗ್ತದ" ಅಂದ. ಚಪ್ಪಾಳೆ ಬಿತ್ತು. ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು, ಕೂಡಲೇ ಬೇರೆ ಕಡೆ ಹೊರಳಿತು.

ಹೊರಗೆ ಅವನ ಸ್ಕೂಟರಿನ ಹತ್ತಿರ ನಿಂತು ಕಾದೆ. ಬಂದವನು, ನಾನು ಬಾಯಿ ತೆರೆಯುವ ಮೊದಲೇ ಮಾತಾಡಿದ.

"ನಿನ್ನ ಹೆಸರು ಎಲ್ಲಿ ಹಾಕೀನಿ ನಾ? ಕಾದಂಬರಿ ಐತಲೇ ಅದು."

"ನನ್ನನ್ನ ಯಂತ್ರ ಮಾಡಿದಿ."

"ಅದು ನೀ ಅಲ್ಲ. ಓದಿದ ಮಂದಿಯೆಲ್ಲ ಅದನ್ನ ಛಲೋ ಐತಿ ಅಂತಾರ. ಇಡೀ ಪುಸ್ತಕದಾಗ ಜೀವಂತ ಇರೂದ ಅದೊಂದು."

ಎರಡನೆಯ ಭಾಗದಲ್ಲಿ ಬದಲಿಸು ಎಂದು ಕೇಳಿದೆ. ಮೂರೂ ಭಾಗಗಳ ಕತೆ ಅದರ ಮೇಲೇ ನಿಂತಿದೆ, ಆಗುವುದಿಲ್ಲ ಅಂದ. ಚಹಾ ಕುಡಿಯೋಣ ಬಾ ಎಂದು ಕರೆದ. ನಾನು ಹೋಗಲಿಲ್ಲ.

ಮನೆಗೆ ಬಂದು ಆ ಅಧ್ಯಾಯ ಓದಿದೆ. ಅಲ್ಲಿ ನಾನು ಹೇಳದೇ ಇದ್ದದ್ದೂ ಇತ್ತು. ಸಾಯುವವನು ಜೊತೆಗಾರನ ಕೈ ಹಿಡಿದು, ನನ್ನನ್ನು ಇಲ್ಲಿ ಬಿಡಬೇಡ, ಮನೆಗೆ ಒಯ್ಯಿ ಎಂದು ಅಂಗಲಾಚಿ ಅಳುತ್ತಾನೆ. ಅವನ ಊರು ಗಡಿಯ ಕಾಡಿನಲ್ಲಿದೆ, ಅಲ್ಲೊಂದು ನದಿ ಹುಟ್ಟುತ್ತದೆ. ಪುಸ್ತಕದ ಕೊನೆಗೆ, ಹಿಮದ ಠಾಣೆಯ ಅನುಭವ ಹಂಚಿಕೊಂಡ ಬಾಲ್ಯದ ಗೆಳೆಯನಿಗೆ ಕೃತಜ್ಞತೆ ಬೇರೆ.

ಒಂದು ವಾರದ ಮೇಲೆ ಖಾನಾಪುರದಿಂದ ಫೋನ್ ಬಂತು. ತೀರಿಹೋದ ನನ್ನ ಜೊತೆಗಾರನ ತಂಗಿ. ಅಲ್ಲಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಆ ಅಧ್ಯಾಯದ ಊರು, ನದಿ ಓದಿ, ಸತ್ತವನು ತನ್ನ ಅಣ್ಣನೇ ಎಂದು ಗುರುತು ಹಿಡಿದಿದ್ದಳು. ಅವಳಿಗೆ ಪುಸ್ತಕ ಬರೆದವನೂ ಗೊತ್ತು, ಅವನ ಬಾಲ್ಯದ ಗೆಳೆಯ ಯಾರೆಂಬುದೂ ಗೊತ್ತು. ಫೋನಿನಲ್ಲಿ ಬೇಡ, ನಾನೇ ಬರುತ್ತೇನೆ ಅಂದೆ.

ಬಸ್ಸು ಹತ್ತಿ ಹೋದೆ. ಅವಳು ಕುರ್ಚಿ ಹಾಕಿ, ನೀರು ಕೊಟ್ಟು, ಎದುರಿಗೆ ಕೂತಳು. ಪುಸ್ತಕ ಅವಳ ತೊಡೆಯ ಮೇಲಿತ್ತು.

"ಅಣ್ಣಾ, ನಮ್ಮಣ್ಣ ಹಿಂಗ ಅತ್ತನೇನ್ರಿ?"

ಇಲ್ಲ ಅಂದೆ. ಅಳಲಿಲ್ಲ, ಮಾತೇ ಆಡಲಿಲ್ಲ, ನಿದ್ದೆಯಲ್ಲೇ ಹೋದ. ನಾನು ಆಡಿದ ಮಾತುಗಳನ್ನು ಇದ್ದದ್ದು ಇದ್ದಹಾಗೆ ಹೇಳಿದೆ, ಅಂಗಳದ ತನಕ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೆತ್ತಗೆ, "ನನ್ನ ಸಮಾಧಾನಕ್ಕ ಹೇಳಾಕತ್ತಿಲ್ಲಲ್ರಿ ನೀವು?" ಎಂದು ಕೇಳಿದಳು.

ನಾನು ಆಣೆ ಮಾಡಿದೆ. ತಲೆ ಆಡಿಸಿದಳು. ಪುಸ್ತಕ ಓದಿದಂದಿನಿಂದ ಆ ಅಳು ಕಿವಿಯಲ್ಲೇ ಇದೆ, ಹೋಗುತ್ತಿಲ್ಲ ಅಂದಳು. ಖರೇ ಏನೆಂದು ಬಲ್ಲವನು ನಾನೊಬ್ಬನೇ, ಅವಳ ಎದುರಿಗೇ ಕೂತಿದ್ದೆ. ಆದರೂ ಅಚ್ಚಾದ ಮಾತು ನನ್ನ ಮಾತಿಗಿಂತ ಬಲವಾಗಿತ್ತು.

ಅಂದಿನಿಂದ ನಾನು ಮುಂಜಾನೆ ಅವನ ಜೊತೆ ತಿರುಗಾಡಲು ಹೋಗುವುದು ಬಿಟ್ಟೆ. ಅವನು ಎರಡು ಸಲ ಫೋನ್ ಮಾಡಿದ, ನಾನು ಎತ್ತಲಿಲ್ಲ.

ಮರುವರ್ಷ ಎರಡನೆಯ ಭಾಗ ಬಂತು. ನಾನು ಕೊಳ್ಳಲಿಲ್ಲ. ಆ ಸೈನಿಕ ಯಂತ್ರವೇ ಹೌದೆಂದು ಅದರಲ್ಲಿ ಗೊತ್ತಾಗುತ್ತದೆ ಎಂದು ಬ್ಯಾಂಕಿನ ಸಹೋದ್ಯೋಗಿಯೊಬ್ಬಳು ಊಟದ ಹೊತ್ತಿನಲ್ಲಿ ಹೇಳಿದಳು. ಅವಳಿಗೆ ಅದು ಬಹಳ ಹಿಡಿಸಿತ್ತು. ಜಾಲತಾಣದಲ್ಲಿ ಓದುಗರು ಅಭಿಪ್ರಾಯ ಬರೆಯುವ ಪುಟವೊಂದಿದೆ, ಅದನ್ನೂ ಮೊಬೈಲಿನಲ್ಲಿ ತೋರಿಸಿದಳು. ಆ ಸಂಜೆ ನಾನೂ ಅಲ್ಲಿ, ಮೊದಲ ಭಾಗದ ಕೆಳಗೆ, ಹೆಸರು ಹಾಕದೆ ಬರೆದೆ: ಹದಿನಾಲ್ಕನೆಯ ಅಧ್ಯಾಯದ ಸೈನಿಕ ಮನುಷ್ಯ. ಅವನಿಗೆ ಅಳು ಬರಲಿಲ್ಲ, ಅಷ್ಟೇ. ಸತ್ತವನೂ ಅಳಲಿಲ್ಲ.

ಮರುದಿನಕ್ಕೆ ಉತ್ತರಗಳು ಬಂದಿದ್ದವು. ನೀವು ಎರಡನೆಯ ಭಾಗ ಓದಿಲ್ಲ ಅಂತ ಕಾಣುತ್ತದೆ ಎಂದು ಒಬ್ಬರು. ಇಂಥ ಕಾದಂಬರಿ ಓದಿ ರೂಢಿ ಇಲ್ಲದವರು ಸುಮ್ಮನಿರುವುದು ಒಳ್ಳೆಯದು ಎಂದು ಇನ್ನೊಬ್ಬರು. ಮೂರನೆಯವರು ಮಾತ್ರ ಸೌಜನ್ಯದಿಂದ, ಸುಳಿವುಗಳು ಯಾವ ಯಾವ ಪುಟದಲ್ಲಿವೆ ಎಂದು ಉದ್ದಕ್ಕೂ ವಿವರಿಸಿ, ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ, ಅವನು ಎಲ್ಲಿಯೂ ಮನುಷ್ಯನ ಹಾಗೆ ನಡೆದುಕೊಳ್ಳುವುದಿಲ್ಲ ಎಂದು ಬರೆದಿದ್ದರು. ನಾನು ಅದನ್ನು ಪೂರ್ತಿ ಓದಿದೆ. ಉತ್ತರ ಬರೆಯಲು ಕೂತೆ, ಒಂದು ಸಾಲು ಬರೆದು ಅಳಿಸಿದೆ. ಮೊಬೈಲು ಚಾರ್ಜಿಗೆ ಹಾಕಿ ಬ್ಯಾಂಕಿಗೆ ಹೊರಡಲು ಎದ್ದೆ.