ಅಳಿಸಿಹೋದ ಮೆಮೊರಿ ಕಾರ್ಡು

ಗೆಳೆಯರೇ, ಇಂದು ಬಸವಕಲ್ಯಾಣದಿಂದ ಹುಮನಾಬಾದಿಗೆ, ನನ್ನ ಹಳೆಯ ವಿದ್ಯಾರ್ಥಿ ಶಿವರಾಜನ ಮೊಬೈಲ್ ಅಂಗಡಿಗೆ ಹೋಗಿದ್ದೆ. ಲಿನಕ್ಸ್‌ನಿಂದ ನಡೆಯುವ ನನ್ನ ಅಂಗೈಯಗಲದ ಕಂಪ್ಯೂಟರಿಗಾಗಿ ಮೆಮೊರಿ ಕಾರ್ಡೊಂದನ್ನು ಫಾರ್ಮ್ಯಾಟ್ ಮಾಡಿಸಬೇಕಿತ್ತು. ಅವಸರದಲ್ಲಿ ನಾನು ಕೊಟ್ಟದ್ದು, ಮೋರಖಂಡಿಯ ಅಜ್ಜಿಯರು ಹಾಡಿದ ಬೀಸುವ ಪದಗಳಿದ್ದ ಕಾರ್ಡನ್ನು. ತಪ್ಪು ತಿಳಿಯುವಷ್ಟರಲ್ಲಿ ಎಲ್ಲವೂ ಅಳಿಸಿಹೋಗಿತ್ತು.

“ಒಳಗ ಹಾಡು ಇರೋದು ಕಾಣಲಿಲ್ಲೇನಪಾ?” ಎಂದೆ.

“ಕಂಡಿತ್ರಿ ಸರ್.”

“ಮತ್ತ ಯಾಕ ಕೇಳಲಿಲ್ಲ?”

“ನೀವು ಒಮ್ಮೆ ಹೇಳಿದ ಮ್ಯಾಲ ತಿರುಗಿ ಕೇಳಿದ್ರ ಬೆಂಚಿನ ಮ್ಯಾಲ ನಿಲ್ಲಸ್ತಿದ್ರಿ. ಆ ಅಂಜಿಕಿ ಇನ್ನಾ ಹೋಗಿಲ್ರಿ.”

ನಾಳೆ ಮತ್ತೆ ಬಸ್ಸು ಹಿಡಿದು ಮೋರಖಂಡಿಗೆ ಹೋಗಿ, ಇನ್ನೊಮ್ಮೆ ಹಾಡಿರೆಂದು ಆ ಅಜ್ಜಿಯರನ್ನು ಬೇಡಬೇಕು. ಅವರಾರೂ ನನ್ನ ವಿದ್ಯಾರ್ಥಿಗಳಲ್ಲ. ಯಾಕೆಂದು ಖಂಡಿತ ಕೇಳುತ್ತಾರೆ.