ಕುರಿ ಮಾರ್ಕಿನ ಚಹಾಪುಡಿ

ಚಹಾಪುಡಿಯನ್ನು ಕಾಗದದಲ್ಲಿ ಕಟ್ಟಿ ಮಾರುವುದಕ್ಕೂ ಸರ್ಕಾರದ ಅಪ್ಪಣೆ ಬೇಕು ಎಂದು ಗೊತ್ತಾದ ದಿನ ನಾನು ನಕ್ಕುಬಿಟ್ಟಿದ್ದೆ. ನಕ್ಕಿದ್ದು ಅದೊಂದೇ ದಿನ. ಆಮೇಲೆ ಆ ಅಪ್ಪಣೆಯ ಬೆನ್ನು ಹತ್ತಿ ನಾನು ಪಟ್ಟ ಪಾಡು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಇಷ್ಟು ವಯಸ್ಸಾದರೂ ಅರ್ಜಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮುಖ ಗಂಟಿಕ್ಕುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ.

ಆದೋನಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ನೀಲಗಿರಿ ಕಡೆಯಿಂದ ಚಹಾದ ಪೆಟ್ಟಿಗೆಗಳು ರೈಲಿನಲ್ಲಿ ಬರುತ್ತಿದ್ದವು. ಅವನ್ನು ಒಡೆದು, ಎಲೆ ಚಹಾಕ್ಕೆ ಪುಡಿ ಚಹಾ ಬೆರೆಸಿ, ಎರಡೆರಡು ತೊಲದ ಪೊಟ್ಟಣ ಕಟ್ಟಿ, ಎಮ್ಮಿಗನೂರಿನಿಂದ ಹಾಲಹರವಿಯವರೆಗೆ ಹಳ್ಳಿ ಅಂಗಡಿಗಳಿಗೆ ಹಂಚುವುದು ನಮ್ಮ ವ್ಯಾಪಾರ. ನಮ್ಮ ಅಂದರೆ ನನ್ನದು, ನನ್ನ ಅಕ್ಕನದು. ಅಪ್ಪ ಅವ್ವ ಇರಲಿಲ್ಲ, ನನಗಿನ್ನೂ ಮದುವೆಯಾಗಿರಲಿಲ್ಲ. ನಾನು ಬಸ್ಸಿನ ಮೇಲೆ ಮೂಟೆ ಹೇರಿಕೊಂಡು ಊರೂರು ತಿರುಗುತ್ತಿದ್ದೆ. ಅಕ್ಕ ಮನೆಯಲ್ಲಿ ಕೂತು ಬೆರೆಸಿ ಕಟ್ಟುತ್ತಿದ್ದಳು.

ಅಕ್ಕನನ್ನು ನಾಗಲದಿನ್ನೆಗೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ ನಾಲ್ಕು ವರ್ಷ ಅಲ್ಲೇ ಮೈದುನರ ಮನೆಯಲ್ಲಿ ಹಗಲೆಲ್ಲ ದುಡಿದು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತ ಇದ್ದಳು. ನೋಡಲಾರದೆ ನಾನೇ ಹೋಗಿ ಕರೆದೆ. ಆಗ ಅವಳು ಒಂದು ಕರಾರು ಹಾಕಿದಳು.

"ತಮ್ಮನ ಮನ್ಯಾಗ ಸುಮ್ನ ಕುಂತು ಉಣ್ಣಾಕಿ ಅಲ್ಲ ನಾನು. ಕೆಲಸ ಇರೋತನ ಇರ್ತೀನಿ. ಕೆಲಸ ಮುಗೀತಂದ್ರ ತಿರುಗಿ ಇಲ್ಲಿಗೇ ಬರ್ತೀನಿ. ಒಪ್ಪಿಗಿದ್ರ ಹೇಳು."

ನಾನು ಒಪ್ಪಿದೆ. ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಸರ್ಕಾರದ ಅಪ್ಪಣೆ ಸಿಗದೆ ಪೊಟ್ಟಣ ಕಟ್ಟುವುದು ನಿಂತರೆ, ನಿಲ್ಲುವುದು ವ್ಯಾಪಾರ ಮಾತ್ರವಲ್ಲ. ಅಕ್ಕ ಮತ್ತೆ ಆ ಮೈದುನರ ಒಲೆಯ ಮುಂದೆ ಹೋಗಿ ಕೂರುತ್ತಾಳೆ. ಇದನ್ನು ಅರ್ಜಿಯ ಯಾವ ಕಾಲಮ್ಮಿನಲ್ಲಿ ಬರೆಯಲಿ ಹೇಳಿ?

ಅಕ್ಕ ಬೆರೆಸುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಅವಳು ಚಹಾ ನೋಡಿ ಬೆರೆಸುತ್ತಿರಲಿಲ್ಲ, ಊರಿನ ನೀರು ನೋಡಿ ಬೆರೆಸುತ್ತಿದ್ದಳು. ನಾನು ಹೊಸ ಹಳ್ಳಿಗೆ ಹೋದರೆ ಅಲ್ಲಿನ ಬಾವಿಯ ನೀರನ್ನು ಒಂದು ಸೀಸೆಯಲ್ಲಿ ತರಬೇಕು. ಹಾಲಹರವಿ ಕಡೆಯ ಬಾವಿಗಳಲ್ಲಿ ಸವಳು ನೀರು. ಅದರಲ್ಲಿ ಎಲೆ ಚಹಾ ಹಾಕಿದರೆ ಬಣ್ಣವೂ ಏಳುವುದಿಲ್ಲ, ರುಚಿಯೂ ಇಲ್ಲ. ಅವರಿಗೆ ಪುಡಿ ಹೆಚ್ಚು. ತುಂಗಭದ್ರೆಯ ದಂಡೆಯ ಊರುಗಳದ್ದು ಸಿಹಿ ನೀರು, ಅವರಿಗೆ ಎಲೆ ಹೆಚ್ಚು. ಸವಳು ನೀರಿನ ಪೊಟ್ಟಣಕ್ಕೆ ಕೆಂಪು ದಾರ, ಹೊಳೆ ನೀರಿನದಕ್ಕೆ ಬಿಳಿ ದಾರ. ಎಮ್ಮಿಗನೂರಿನ ಮಗ್ಗಗಳಲ್ಲಿ ಉಳಿದ ತುಂಡು ದಾರವನ್ನೇ ನಾನು ಚೀಲದಲ್ಲಿ ತಂದುಕೊಡುತ್ತಿದ್ದೆ. ಓದು ಬಾರದ ಮುದುಕಿ ಕೂಡ ಅಂಗಡಿಗೆ ಬಂದು "ಕೆಂಪು ದಾರದ್ದು ಕೊಡು" ಎನ್ನುತ್ತಿದ್ದಳು. ಇದರಲ್ಲಿ ಯಾರಿಗೂ ಏನೂ ತೊಂದರೆ ಇರಲಿಲ್ಲ. ತೊಂದರೆ ಇರದ ಕಡೆ ಕಾಯಿದೆಗೆ ನಿದ್ದೆ ಬರುವುದಿಲ್ಲವೋ ಏನೋ.

ಕಾಯಿದೆ ಏನು ಹೇಳಿತೆಂದರೆ: ಚಹಾ ಬೆರೆಸಿ ಪೊಟ್ಟಣ ಮಾಡುವವನು ಲೈಸೆನ್ಸು ಪಡೆಯಬೇಕು. ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ ಚೀಟಿ ಅಂಟಿಸಬೇಕು. ಚೀಟಿಯ ಮೇಲೆ ಕಚೇರಿ ಒಪ್ಪಿದ ಒಂದು ಮಾರ್ಕು, ತೂಕ, ವಿಳಾಸ ಇರಬೇಕು. ನಾನು ಮದ್ರಾಸಿಗೆ ಅರ್ಜಿ ಹಾಕಿದೆ. ಅರ್ಜಿ ಮದ್ರಾಸಿನಲ್ಲಿ ಕೂತಿರುವಾಗಲೇ ರಾಜ್ಯ ಒಡೆದು ನಮ್ಮದೂ ಸೇರಿ ತೆಲುಗು ಸೀಮೆ ಬೇರೆಯಾಯಿತು, ಕರ್ನೂಲು ಅದರ ರಾಜಧಾನಿಯಾಯಿತು. ಮದ್ರಾಸಿನವರು ಕರ್ನೂಲಿಗೆ ಹೋಗಿ ಕೇಳಿ ಎಂದು ಬರೆದರು. ಕರ್ನೂಲಿಗೆ ಹೋಗಿ ಕೇಳಿದರೆ ಕಾಗದದ ಮೂಟೆಗಳು ಇನ್ನೂ ಬಿಚ್ಚಿಲ್ಲ ಎಂದರು.

ಆಗ ಕರ್ನೂಲಿನಲ್ಲಿ ಕಟ್ಟಡಗಳು ಸಾಲದೆ ಎಷ್ಟೋ ಕಚೇರಿಗಳು ಗುಡಾರಗಳಲ್ಲಿ ನಡೆಯುತ್ತಿದ್ದವು. ನಮ್ಮ ಗುಮಾಸ್ತನೂ ಒಂದು ಗುಡಾರದಲ್ಲಿ ಕೂತಿದ್ದ. ಗಾಳಿಗೆ ಹಾರದಂತೆ ಒಂದೊಂದು ಕಟ್ಟಿನ ಮೇಲೂ ಕಲ್ಲು ಹೇರಿದ್ದ. ನನ್ನ ಅರ್ಜಿ ಯಾವ ಕಲ್ಲಿನ ಕೆಳಗಿದೆ ಎಂದು ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತು. ಹೊಸ ಅರ್ಜಿ ಬರೆಸಿದ. ಮಾರ್ಕು ಏನು ಎಂದ. ಚಕ್ರ ಎಂದೆ. ಬಾವುಟದಲ್ಲಿ ಚಕ್ರ ಇದೆ, ಕೊಡುವುದಿಲ್ಲ ಎಂದ. ಮುಂದಿನ ಸಲ ನವಿಲು ಎಂದೆ. ನವಿಲನ್ನು ಯಾರೋ ಊದುಬತ್ತಿಯವರು ತೆಗೆದುಕೊಂಡಿದ್ದಾರೆ ಎಂದ. ಊದುಬತ್ತಿಯವರ ನವಿಲಿಗೂ ನನ್ನ ಚಹಾಕ್ಕೂ ಏನು ಸಂಬಂಧ ಎಂದು ವಾದ ಮಾಡುವಷ್ಟರಲ್ಲಿ ನನ್ನ ಆದೋನಿಯ ಬಸ್ಸು ಹೊರಟುಹೋಯಿತು. ಮೂರನೆಯ ಸಲ ಹೋದಾಗ ರೋಸಿಹೋಗಿ, ಗುಡಾರದ ಹೊರಗೆ ಮೇಯುತ್ತಿದ್ದ ಕುರಿಯನ್ನು ತೋರಿಸಿ, "ಅದನ್ನಾದರೂ ಕೊಡಿ" ಎಂದೆ. ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಕುರಿಯನ್ನು ಈತನಕ ಯಾರೂ ಕೇಳಿಲ್ಲ ಎಂದು ಖುಷಿಯಿಂದ ಬರೆದುಕೊಂಡ.

ಮನೆಗೆ ಬಂದು ಹೇಳಿದರೆ ಅಕ್ಕನ ಮುಖ ಸಪ್ಪಗಾಯಿತು.

"ಕುರಿ ಬ್ಯಾಡಿತ್ತಲೋ ತಮ್ಮಾ. ಚಾಕ್ಕೂ ಕುರಿಗೂ ಏನೈತಿ?"

"ಚಾಕ್ಕೂ ನವಿಲಿಗೂ ಏನಿತ್ತು? ಸಿಕ್ಕಿದ್ದ ಪುಣ್ಯ, ಸುಮ್ನಿರು" ಎಂದು ಗದರಿದೆ. ಅವಳ ಮಾತು ಕೇಳಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಲೈಸೆನ್ಸು ಬಂತು. ಜೊತೆಗೆ ನಿಬಂಧನೆಗಳ ಉದ್ದ ಪಟ್ಟಿಯೂ ಬಂತು. ಒಂದು ಮಾರ್ಕಿಗೆ ಒಂದೇ ಮಿಶ್ರಣ. ಬಣ್ಣದ ದಾರ ಕಟ್ಟಕೂಡದು. ದಾರವೂ ಒಂದು ಗುರುತೇ, ಅದು ಒಪ್ಪಿಗೆಯಾದ ಗುರುತಲ್ಲ. ಇದನ್ನು ಓದಿ ಹೇಳಿದಾಗ ಅಕ್ಕ ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು.

"ಒಂದ ಮಿಶ್ರಣ ಅಂದ್ರ ಎಲ್ಲಾ ಊರಿಗೂ ಒಂದ ನೀರು ತರಸ್ತಾರೇನು ನಿನ್ನ ಸರಕಾರದವ್ರು?"

ನನ್ನ ಸರ್ಕಾರ! ಸರ್ಕಾರವನ್ನು ನಾನೇ ಹೆತ್ತಂತೆ ಮಾತಾಡಿದಳು. ಆದರೂ ಕೆಲಸ ನಿಲ್ಲಬಾರದೆಂದು, ಎರಡಕ್ಕೂ ನಡುವಿನ ಒಂದು ಹದ ಹಿಡಿದು ಬೆರೆಸಿದಳು. ಹೊಳೆಯ ದಂಡೆಯವರು ಕಡಕ್ಕಾಯಿತು ಎಂದರು, ಸವಳು ನೀರಿನವರು ಚಪ್ಪೆಯಾಯಿತು ಎಂದರು. ಎರಡೂ ಕಡೆಯವರ ಬೈಗುಳ ತಿನ್ನುವವನು ನಾನು. ಊರೂರಲ್ಲಿ ನಿಂತು ಕಾಯಿದೆಯನ್ನು ವಿವರಿಸಿದೆ. ಕಾಯಿದೆಯನ್ನು ಕುಡಿಯಲಿಕ್ಕೆ ಆಗುತ್ತದೆಯೇ ಎಂದು ಒಬ್ಬ ಚಾ ಅಂಗಡಿಯವನು ಕೇಳಿದ.

ಇಷ್ಟಾದ ಮೇಲೂ ಹಾಲಹರವಿ ಕಡೆ ಮಾತ್ರ ಪೊಟ್ಟಣಗಳು ಇದ್ದಕ್ಕಿದ್ದಂತೆ ಜೋರಾಗಿ ಖರ್ಚಾಗತೊಡಗಿದವು. ನನಗೆ ಹಿಗ್ಗು. ಕುರಿ ಮಾರ್ಕು ಕೈ ಹಿಡಿಯಿತು ಎಂದು ಅಕ್ಕನ ಮುಂದೆ ಜಂಭ ಕೊಚ್ಚಿಕೊಂಡೆ. ಮರುವಾರ ಅಲ್ಲಿಗೆ ಹೋದಾಗ ಊರ ಹೊರಗೆ ಕುರಿ ಹಟ್ಟಿಯ ಹತ್ತಿರ, ನನಗೆ ಪರಿಚಯವಿದ್ದ ಒಬ್ಬ ಹಿರಿಯ ಕುರುಬ ಕುರಿಯೊಂದರ ಬಾಯಿ ಅಗಲಿಸಿ ಬಿದಿರಿನ ಗೊಟ್ಟದಲ್ಲಿ ಏನೋ ಕಪ್ಪಗಿನದನ್ನು ಕುಡಿಸುತ್ತಿದ್ದ. ಪಕ್ಕದಲ್ಲಿ ನನ್ನ ಚೀಟಿ ಬಿದ್ದಿತ್ತು.

ಕುಡಿಸುತ್ತಿದ್ದದ್ದು ನನ್ನ ಚಹಾ. ಆಮೇಲೆ ಯೋಚಿಸಿದರೆ ಅವರ ತಪ್ಪೇನೂ ಇರಲಿಲ್ಲ. ಪೇಟೆಯಲ್ಲಿ ದನದ ಔಷಧದ ಪೊಟ್ಟಣದ ಮೇಲೆ ದನದ ಚಿತ್ರ, ಕುರಿ ಔಷಧದ ಮೇಲೆ ಕುರಿಯ ಚಿತ್ರ. ಚಿತ್ರ ಯಾವುದರದೋ ಔಷಧ ಅದಕ್ಕೇ ಎಂಬುದು ಅವರು ಕಂಡ ರೂಢಿ. ಕೆಂಪು ದಾರದ ಚಹಾ ಅಂಗಡಿಯಿಂದ ಮಾಯವಾಗಿತ್ತು, ಅದೇ ಜಾಗದಲ್ಲಿ ಕುರಿಯ ಚಿತ್ರದ ಕಪ್ಪು ಪುಡಿ ಬಂದು ಕೂತಿತ್ತು. ಚೀಟಿಯ ಮೇಲಿನ ತೆಲುಗು ಅಕ್ಷರ ಓದುವವರು ಹಟ್ಟಿಯಲ್ಲಿ ಯಾರಿದ್ದರು?

"ಇದು ಚಾಪುಡಿನೋ ಯಪ್ಪಾ, ಮನುಷ್ಯಾರು ಕುಡಿಯೋದು!" ಎಂದು ಬಾಯಿ ಬಾಯಿ ಬಡಿದುಕೊಂಡೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಇರ್ಲಿ ಬಿಡ್ರಿ ಸಾವ್ಕಾರ್ರ. ಕುರಿಗೆ ಭೇದಿ ನಿಂತು ಹೊಟ್ಟಿ ಕಟ್ಯೈತಿ. ಮನುಷ್ಯಾರದ್ದು ಆಮ್ಯಾಲ ನೋಡೋಣು."

ಸುದ್ದಿ ಹಬ್ಬಲಿಕ್ಕೆ ಎಷ್ಟು ಹೊತ್ತು? ಕುರಿ ಔಷಧ ಮಾರುವ ಯಾರೋ ಹೊಟ್ಟೆಯುರಿಗೆ ಕರ್ನೂಲಿಗೆ ಬರೆದು ಹಾಕಿರಬೇಕು. ಒಂದು ಬೆಳಿಗ್ಗೆ ಕಚೇರಿಯಿಂದ ಇನ್‌ಸ್ಪೆಕ್ಟರರೊಬ್ಬರು ಬಂದಿಳಿದರು. ಕರಾವಳಿ ಕಡೆಯ ತೆಲುಗಿನವರು. ನಮ್ಮ ಸೀಮೆಯಲ್ಲಿ ಸ್ವಲ್ಪ ದಿನ ಇದ್ದು ಕನ್ನಡವನ್ನೂ ಕಲಿತಿದ್ದರು.

"ಏಮಂಡಿ, ಟೀ ಲೈಸೆನ್ಸ್ ಇಟ್ಟುಕೊಂಡು ಗೊರ್ರೆಗಳಿಗೆ ಮಂದು ಮಾರುತ್ತೀರಂತೆ?" ಎಂದರು, ಕೂರುವುದಕ್ಕೂ ಮುಂಚೆ. ಚಹಾದ ಹೆಸರಲ್ಲಿ ಕುರಿ ಔಷಧ ಮಾರುವ ಕಳ್ಳ ನಾನು ಎಂದಾಯಿತು.

ಇಲ್ಲ ಸಾರ್, ಶುದ್ಧ ಚಹಾ, ಕುರಿಗೂ ನಮಗೂ ಸಂಬಂಧವೇ ಇಲ್ಲ ಎಂದು ನಾನು ಆಣೆ ಪ್ರಮಾಣ ಮಾಡುತ್ತಿರುವಾಗ ಬಾಗಿಲಲ್ಲಿ ಕಂಬಳಿ ಕಾಣಿಸಿತು. ಅದೇ ಹಿರಿಯ. ಹಳ್ಳಿ ಅಂಗಡಿಯಲ್ಲಿ ಸರಕು ಮುಗಿದಿದ್ದರಿಂದ ಖುದ್ದಾಗಿ ಆದೋನಿಗೇ ಬಂದಿದ್ದ.

"ಕುರಿ ಪುಡಿ ಕೊಡ್ರಿ ಸಾವ್ಕಾರ್ರ, ಚೀಲ ತಂದೀನಿ. ಭಾಳ ಚಲೋ ಔಷಧ ಮಾಡೀರಿ ನೀವು. ನಮ್ಮ ಹಟ್ಟ್ಯಾಗ ಎಲ್ಲಾರೂ ನಿಮ್ಮ ಹೆಸರು ಹೇಳ್ತಾರ."

ನೆಲ ಬಾಯಿ ತೆರೆದರೆ ಇಳಿದುಹೋಗುತ್ತಿದ್ದೆ. ಇನ್‌ಸ್ಪೆಕ್ಟರರು ಪುಸ್ತಕ ಬಿಚ್ಚಿದರು. ಒಂದು ಪೊಟ್ಟಣ ಒಡೆದು ಅಂಗೈಗೆ ಸುರುವಿಕೊಂಡು, "ಇದರಲ್ಲಿ ಏನೇನಿದೆ, ಎಷ್ಟೆಷ್ಟಿದೆ ಹೇಳಿ" ಎಂದರು. ನಾನು ತೊದಲಿದೆ. ಎಲೆ ಅರ್ಧ ಎಂದೆ, ಮತ್ತೆ ಮುಕ್ಕಾಲು ಎಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಅವರು ಲೈಸೆನ್ಸಿನ ಕಾಗದವನ್ನು ನನ್ನ ಮೂಗಿನ ಮುಂದೆ ಹಿಡಿದರು. ಮಿಶ್ರಣ ಮಾಡುವವರ ಹೆಸರು ಎಂಬಲ್ಲಿ ನನ್ನ ಹೆಸರಿತ್ತು. ಗುಡಾರದಲ್ಲಿ ನಾನೇ ಬರೆದದ್ದು. ಬೇರೆಯವರ ಹೆಸರು ಬರೆಯಬಹುದು ಎಂದು ಆಗ ನನಗೆ ಹೊಳೆದೂ ಇರಲಿಲ್ಲ.

"ಬೆರೆಸುವವರಿಗೆ ಬೆರೆಸಿದ್ದು ಏನೆಂದು ಗೊತ್ತಿಲ್ಲ. ಹಾಗಾದರೆ ಇದು ಸುಳ್ಳು. ಲೈಸೆನ್ಸು ರದ್ದು ಮಾಡಬೇಕಾಗುತ್ತದೆ."

ಒಳಗಿನ ಬಾಗಿಲ ಹಿಂದೆ ಬಳೆಯಿಲ್ಲದ ಕೈಯೊಂದು ಪರದೆ ಸರಿಸಿತು. ಅಕ್ಕ ಹೊರಗೆ ಬಂದಳು. ಅಂಗಡಿ ಕೋಣೆಯಲ್ಲಿ ಪರಗಂಡಸರು ಇರುವಾಗ ಅವಳು ಬಂದದ್ದು ಅದೇ ಮೊದಲು.

"ಅವಗೇನು ಕೇಳ್ತೀರಿ, ಅವ ಬರೇ ಮಾರಾವ. ಬೆರಸಾಕಿ ನಾನು" ಎಂದು ಅವರ ಅಂಗೈಯ ಪುಡಿಯನ್ನು ದೂರದಿಂದಲೇ ನೋಡಿ, ಎಲೆ ಎಷ್ಟು, ಪುಡಿ ಎಷ್ಟು, ಅದು ಯಾವ ಪೆಟ್ಟಿಗೆಯದು, ಯಾಕೆ ಅಷ್ಟೇ ಎಂದು ಹೇಳಿದಳು. ಸವಳು ನೀರು, ಹೊಳೆ ನೀರಿನ ಲೆಕ್ಕವನ್ನೂ ಹೇಳಿದಳು. ಒಂದೇ ಮಿಶ್ರಣದ ಕಟ್ಟಳೆ ಎಂಥ ಮಣ್ಣಂಗಟ್ಟಿ ಎಂಬುದನ್ನೂ ಬಿಡಲಿಲ್ಲ. ಇನ್‌ಸ್ಪೆಕ್ಟರರು ಬರೆದುಕೊಂಡರು. ಎರಡು ಮಿಶ್ರಣ ಬೇಕಾದರೆ ಎರಡು ಮಾರ್ಕು, ಎರಡು ಅರ್ಜಿ ಎಂದರು. ಮೊದಲು ಈ ಕುರಿಯನ್ನು ತೆಗೆಯಿರಿ ಎಂದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು.

"ಲೈಸೆನ್ಸು ಉಳಿಯಬೇಕಾದರೆ ಹೊಸ ಫಾರಮ್ಮು ಇವರ ಹೆಸರಿನಲ್ಲೇ ಆಗಬೇಕು. ಹೆಸರು?"

"ನಮ್ಮಕ್ಕ ಸಾರ್" ಎಂದೆ.

"ನಿಮ್ಮನ್ನು ಕೇಳಲಿಲ್ಲ" ಎಂದರು.

ಅಕ್ಕ ತನ್ನ ಹೆಸರು ಹೇಳಿದಳು. ಅವಳ ಮದುವೆಯಾದಾಗಿನಿಂದ ನಾನು ಆ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ನಾಗಲದಿನ್ನೆಯಲ್ಲಿ ಅವಳು ಅತ್ತಿಗೆ, ಇಲ್ಲಿ ಅಕ್ಕ. ಇಷ್ಟು ವರ್ಷ ಅವಳು ಬೆರೆಸಿದ್ದನ್ನು ನನ್ನ ಪುಡಿ ಎಂದು ಹೇಳಿ ಮಾರಿದ್ದೆ. ಇದನ್ನು ಮಾಡುವವರು ಯಾರು ಎಂದು ಕೇಳಲು ನಾನು ಬೈದುಕೊಳ್ಳುತ್ತಿದ್ದ ಆ ಕಚೇರಿಯ ಮನುಷ್ಯನೇ ಬರಬೇಕಾಯಿತು. ನಾಚಿಕೆಯಾಯಿತು.

"ಕಾಯಂ ವಿಳಾಸ?" ಎಂದರು ಇನ್‌ಸ್ಪೆಕ್ಟರರು.

ಅಷ್ಟೊತ್ತು ಪಟಪಟನೆ ಉತ್ತರ ಕೊಟ್ಟವಳು ಇದಕ್ಕೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ದೂರು ಇರಲಿಲ್ಲ, ಯಾವ ಪೆಟ್ಟಿಗೆ ಒಡೆಯಲಿ ಎಂದು ಕೇಳುವ ಹಾಗೆ ಕೇಳಿದಳು.

"ಕಾಯಂ ಅಂದ್ರ ಏನಂತ ಹೇಳ್ಬೇಕು ತಮ್ಮಾ? ನಾಗಲದಿನ್ನಿ ಅನ್ಲೇನು?"

ಅವಳನ್ನು ಉಳಿಸಿಕೊಳ್ಳಲಿಕ್ಕೆ ನಾನು ಗುಡಾರ ಗುಡಾರ ಅಲೆದಿದ್ದೆ, ಕಂಡಕಂಡವರ ಜೊತೆ ಜಗಳಾಡಿದ್ದೆ. ಅವಳಿಗೆ ಮಾತ್ರ ಒಂದು ಮಾತು ಹೇಳಿರಲಿಲ್ಲ. ಅದುವರೆಗೆ ಬೇರೆಯವರ ಮೇಲೆ ಬರುತ್ತಿದ್ದ ಸಿಟ್ಟೆಲ್ಲ ಒಟ್ಟಿಗೆ ನನ್ನ ಮೇಲೆ ನನಗೇ ಬಂತು.

"ನಾಗಲದಿನ್ನಿ ಯಾಕಬೇ? ಇದ ಮನಿ! ಲೈಸೆನ್ಸು ಇರ್ಲಿ, ಹಾಳಾಗಿ ಹೋಗ್ಲಿ, ಕೆಲಸ ಇರ್ಲಿ, ಇರದ ಹೋಗ್ಲಿ, ಇದ ನಿನ್ನ ಮನಿ!"

ಎಷ್ಟು ಜೋರಾಗಿ ಕೂಗಿದ್ದೆನೆಂದರೆ ಕಂಬಳಿಯ ಹಿರಿಯ ಚೀಲ ಎತ್ತಿಕೊಂಡು ಎದ್ದು ನಿಂತ. ಇನ್‌ಸ್ಪೆಕ್ಟರರು ಪೆನ್ನು ಹಿಡಿದಲ್ಲೇ ಹಿಡಿದು ನನ್ನನ್ನು ನೋಡಿದರು. ಅಕ್ಕ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು.

"ಅದಕ್ಯಾಕ ಒದರ್ತೀ? ಮೊದ್ಲ ಹೇಳಿದ್ರ ಆಗ್ತಿದ್ದಿಲ್ಲೇನು?" ಎಂದಳು. ಆಮೇಲೆ ಅವರ ಕಡೆ ತಿರುಗಿ, "ಆದೋನಿ ಅಂತ ಬರ್ಕೋರಿ" ಎಂದಳು.