ಎರಡು ಪೈಪಿಗೂ ಕುಂಕುಮ

ನಿನ್ ಗಂಡನ ಹತ್ರಾನೂ ಬಾಯ್ಬಿಡಲ್ಲ ಅಂತ ಬನಶಂಕ್ರಮ್ಮನ ಮೇಲೆ ಆಣೆ ಇಡು, ಹೇಳ್ತೀನಿ. ಜಯನಗರದಲ್ಲಿ ಹೊಲ ಮಟ್ಟ ಮಾಡಿ ಸೈಟ್ ಮಾಡ್ತಿದ್ರಲ್ಲ, ಆಗ ನಾನು ಮುನಿಯಪ್ಪಣ್ಣನ ಮನೇಲಿ ಕೆಲ್ಸಕ್ಕಿದ್ದೆ. ಅವರ ಹಳೇ ಟ್ರ್ಯಾಕ್ಟರ್ ಮುಂದಿನ ಬಕೆಟ್ಟು ಮಣ್ಣೆತ್ತೋದು, ಸುರಿಯೋಕೆ ಮಾತ್ರ ಹಗ್ಗ ಎಳೀಬೇಕಿತ್ತು. ಲಿವರ್ ಒತ್ತಿ ಸುರಿಯೋ ಹಂಗಾದ್ರೇನೇ ಸೈಟ್ ಕೆಲ್ಸ ಕೊಡೋದು ಅಂದಿದ್ದ, ಆ ಡೊಳ್ಳುಹೊಟ್ಟೆ ಕಂಟ್ರಾಕ್ಟರ್ರು.

ಫಿಟ್ಟರ್ ಸಾಬ್ರು ಬಕೆಟ್ಟಿಗೆ ಹೊಸದಾಗಿ, ಎಣ್ಣೆ ಒತ್ತಡದಲ್ಲಿ ಅದನ್ನ ಮಗುಚೋ ಎರಡು ಹೈಡ್ರಾಲಿಕ್ ಪೈಪ್ ಹಾಕಿದ್ರು. ನನ್ನ ಹತ್ರಾನೇ ಕುಂಕುಮ ಇಸ್ಕೊಂಡು ಒಂದಕ್ಕೆ ಬೊಟ್ಟಿಟ್ಟು, "ಅಣ್ಣ, ಬೊಟ್ಟಿರೋದರ ಇನ್ನೊಂದು ತುದೀನ ಟ್ರ್ಯಾಕ್ಟರಿನ ಮೇಲಿನ ತೂತಿಗೆ ಸಿಗ್ಸಿ, ಬೋಳಿರೋದನ್ನ ಕೆಳಗಿಂದಕ್ಕೆ" ಅಂತ ಹೇಳಿ ಹೋದ್ರು. ಮಾರನೇ ದಿನ ಆಯುಧ ಪೂಜೆ. ಹಬ್ಬದ ದಿನ ಇನ್ನೊಂದನ್ನ ಬೋಳಾಗಿ ಬಿಡೋದಾ ಅಂತ ನಾನು ಅದಕ್ಕೂ ಇಟ್ಟೆ.

ಪೂಜೆ ಆದ್ಮೇಲೆ ಕಂಟ್ರಾಕ್ಟರ್ ಎದುರು ಮುನಿಯಪ್ಪಣ್ಣ, ಎರಡಕ್ಕೂ ಬೊಟ್ಟಿದೆ ಅಂತ ಅಂದಾಜಲ್ಲಿ ಪೈಪ್ ಸಿಗ್ಸಿ ಲಿವರ್ ಒತ್ತಿದ್ರೆ, ಬಕೆಟ್ಟು ಹಿಂದಕ್ಕೆ ಮಗುಚಿ ಮಣ್ಣೆಲ್ಲ ಎಂಜಿನ್ ಮೇಲೆ ಬಿತ್ತು. "ಏನ್ ಸಾಬ್ರೇ, ನನ್ ಮಾನ ಕಳೆದ್ರಲ್ಲ" ಅಂದ್ರು ಅಣ್ಣ.

ಪೂಜೆಗೆ ಬಂದಿದ್ದ ಸಾಬ್ರು ಎರಡು ಬೊಟ್ಟೂ ನೋಡಿದ್ರು, ನನ್ನ ಕೆಂಪು ಬೆರಳೂ ನೋಡಿದ್ರು. "ತಪ್ಪು ನಂದೇ ಅಣ್ಣ" ಅಂತ ಪೈಪ್ ಅದಲುಬದಲು ಮಾಡಿದ್ರು. ಅಣ್ಣಂಗೆ ಕೆಲ್ಸ ಸಿಕ್ತು, ಸಾಬ್ರಿಗೆ ಬೈಗುಳ ಸಿಕ್ತು. ಊರೋರ ಗುಟ್ಟೆಲ್ಲ ರಟ್ಟು ಮಾಡೋ ನಾನು ಇದೊಂದನ್ನ ಮಾತ್ರ ನುಂಗ್ಕೊಂಡಿದೀನಿ. ಇವತ್ತಾದ್ರೂ ಹೋಗಿ ಅಣ್ಣಂಗೆ ನಿಜ ಹೇಳ್ಬಿಡೋಣ ಅಂತ... ಶ್, ಬಾಗಿಲಲ್ಲಿ ಅದೇ ಸಾಬ್ರು. ಏಳು, ಕಾಫಿಗಿಡು.